ಅಟ್ಟದ ಕೆಳಗಿನ ದನಿ

ಲಾಯರಕ್ಕನ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸದಾ ತೆಂಗಿನ ನಾರಿನ ಧೂಳು ಇರುತ್ತಿತ್ತು. ಕೋರ್ಟಿಗೆ ಹೊರಡುವ ಮುನ್ನ ಎಷ್ಟು ಉಜ್ಜಿಕೊಂಡರೂ ಒಂದು ಕಂದು ಗೆರೆ ಉಳಿದುಬಿಡುತ್ತಿತ್ತು. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಆ ಕೈ ಒಂದು ಒಣಗಿದ ಕಾಯನ್ನು ಮೈಕಿನ ಹತ್ತಿರ ಹಿಡಿದು ಅಲ್ಲಾಡಿಸುತ್ತಿತ್ತು. ಲೊಡ್ ಲೊಡ್ ಲೊಡ್. ಅದರ ಹಿಂದೆಯೇ ಅವರ ದನಿ: "ನಮಸ್ಕಾರ, ಕುಂತ್ಕಳಿ. ಕಾನೂನು ಅಂದ್ರೆ ಹೆದರ್ಕಬ್ಯಾಡಿ." ಅವರ ಪಾಡ್‌ಕಾಸ್ಟಿನ ಪ್ರತಿ ಸಂಚಿಕೆಯೂ ಶುರುವಾಗುತ್ತಿದ್ದುದು ಹೀಗೆ.

ಬಲಗೈ ಎಂದೆನೆ? ಬರೆದ ಮೇಲೆ ಅನುಮಾನ ಬರುತ್ತಿದೆ. ನಾನು ಅವರ ಎದುರಿಗೆ ಕೂರುತ್ತಿದ್ದವಳು, ಎಡ ಬಲ ಅದಲುಬದಲಾಗಿರಬಹುದು. ಮೈಸೂರಿನಲ್ಲಿ ಇತಿಹಾಸ ಓದುವಾಗ ಕಲಿತ ಒಂದೇ ವಿದ್ಯೆ, ಸಾಕ್ಷಿ ಹೇಳುವವರನ್ನು ಅನುಮಾನಿಸುವುದು. ಅವರ ದನಿ ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಇದೆ. ಕೈ ಮಾತ್ರ ನನ್ನ ನೆನಪಿನಲ್ಲಲ್ಲದೆ ಬೇರೆಲ್ಲೂ ಇಲ್ಲ.

ಅರಳಗುಪ್ಪೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಮದುವೆಯಾಗಲಿಲ್ಲ. ತಿಪಟೂರು, ತುರುವೇಕೆರೆ ಕೋರ್ಟುಗಳಿಗೆ ಬಸ್ಸಿನಲ್ಲೇ ಓಡಾಡುತ್ತಿದ್ದರು. ಜೊತೆಗಿದ್ದವರು ಅಣ್ಣಯ್ಯ, ಅಂದರೆ ಅವರ ಒಡಹುಟ್ಟಿದ ಅಣ್ಣ. ತೋಟ, ಕೊಬ್ಬರಿ ಎಲ್ಲ ಅವರದೇ ಉಸ್ತುವಾರಿ. ನಡುಮನೆಯ ಪಕ್ಕದ ಕೋಣೆಯ ಮೇಲೆ ದೊಡ್ಡ ಅಟ್ಟ, ಅದರ ತುಂಬ ವರ್ಷವಿಡೀ ಕಾಯಿ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿಯೇ ಕರಟ ಬಿಟ್ಟು ಉಂಡೆಯಾಗುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಆ ರಾಶಿ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ, ದನಿ ಚೆನ್ನಾಗಿ ಬರುತ್ತದೆ ಎಂದು ನಾವು ರೆಕಾರ್ಡ್ ಮಾಡುತ್ತಿದ್ದುದು ಅದೇ ಕೋಣೆಯಲ್ಲಿ. ಮಾತು ಅವರದು, ಕೆಮ್ಮು, ಕೋಳಿಯ ಕೂಗು ಕತ್ತರಿಸುವ ಕೆಲಸ ನನ್ನದು. ಅಣ್ಣಯ್ಯ ಮಾತ್ರ ಒಂದು ಸಂಚಿಕೆಯನ್ನೂ ಕೇಳಿದವರಲ್ಲ. "ಮನೇಲಿ ದಿನಾ ಕೇಳೋದು ಸಾಲ್ದು ಅಂತ ಫೋನಲ್ಲೂ ಕೇಳ್ಬೇಕೇನವ್ವ?" ಅನ್ನುತ್ತಿದ್ದರು.

ಒಮ್ಮೆ ದಬ್ಬೇಘಟ್ಟದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಲಾಯರಕ್ಕ ಟೀ ಅಂಗಡಿಯವನಿಗೆ "ಸಕ್ಕರೆ ಕಮ್ಮಿ ಹಾಕಪ್ಪ" ಅಂದದ್ದೇ ತಡ, ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಎದ್ದು ನಿಂತಳು.

"ನೀನು ಕಾಯಿ ಅಲ್ಲಾಡ್ಸೋ ಲಾಯ್ರಮ್ಮ ಅಲ್ವೇನೇ?"

"ಹೂಂ ಕಣಜ್ಜಿ. ಹೆಂಗ್ ಗೊತ್ತಾಯ್ತು?"

"ನಿನ್ ದನಿ ಗೊತ್ತಾಗಲ್ವ! ಸಮನ್ಸ್ ಬಂತು ಅಂತ ನಮ್ ಮುದುಕಪ್ಪ ಕೊಟ್ಟಿಗೆ ಸೇರ್ಕಂಡಿತ್ತು. ಸಾಕ್ಷಿ ಹೇಳಾಕೆ ಕರ್ದ್ರೆ ಜೈಲಿಗ್ ಹಾಕಲ್ಲ ಅಂತ ನೀನು ಫೋನಲ್ಲಿ ಹೇಳ್ದ ಮ್ಯಾಕೆ ಆಚೆ ಬಂತು. ಈಗ ಊರೋರ್ಗೆಲ್ಲ ಅದೇ ಬುದ್ಧಿ ಹೇಳ್ತೈತೆ."

ಬಸ್ಸು ಹತ್ತಿದ ಮೇಲೂ ಲಾಯರಕ್ಕ ನಗುತ್ತಲೇ ಇದ್ದರು. "ನೋಡೇ, ಹೈಕೋರ್ಟಲ್ಲಿ ಗೆದ್ದಿದ್ರೂ ಇಷ್ಟು ಖುಷಿ ಆಗ್ತಿರ್ಲಿಲ್ಲ" ಅಂದರು. ಅಂದರೆಂದು ನನ್ನ ನೆನಪು.

ಕೊನೆಯ ಸಂಚಿಕೆಯ ವಿಷಯದಲ್ಲಿ ನೆನಪನ್ನು ನಂಬಬೇಕಾಗಿಲ್ಲ. ಅದನ್ನು ಈಗಷ್ಟೇ ಮತ್ತೆ ಕೇಳಿ, ಇದ್ದಂತೆಯೇ ಬರೆದುಕೊಳ್ಳುತ್ತಿದ್ದೇನೆ. ಬದುಕುವ ಭರವಸೆ ಉಳಿದಿಲ್ಲದ ಕಾಯಿಲೆಯಲ್ಲಿ, ನಮಗೆ ಮಾತು ನಿಂತುಹೋದರೆ, ಯಂತ್ರದ ಉಸಿರು ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕಿನ ಕುರಿತ ಸಂಚಿಕೆ ಅದು.

"ಅಟ್ಟಕ್ಕೆ ಕಾಯಿ ಹಾಕ್ತೀವಿ. ನೀರು ಇಂಗ್ತದೆ, ಕೊಬ್ಬರಿ ಕರಟ ಬಿಡ್ತದೆ. ಅದಕ್ಕೆ ಮುಂಚೆ ನಾವೇ ಒಡೆದ್ರೆ ತಪ್ಪು, ಅದನ್ನ ಕಾನೂನು ಒಪ್ಪಲ್ಲ. ಆದ್ರೆ ಇಂಗಿದ ಕಾಯಿಗೆ ತೂತು ಹೊಡೆದು ನೀರು ತುಂಬುಸ್ತಾ ಕೂತ್ರೆ? ಅದು ಬ್ಯಾಡ ಅನ್ನೋ ಹಕ್ಕು ನಿಮಗದೆ ಕಣ್ರೀ. ಬಾಯಲ್ಲಿ ಹೇಳಿದ್ರೆ ಸಾಲ್ದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕ್ಬೇಕು, ನೋಟರಿನೋ ಗೆಜೆಟೆಡ್ ಆಫೀಸರ್ರೋ ದೃಢೀಕರಿಸ್ಬೇಕು. ನಿಮ್ಮ ಪರವಾಗಿ ಮಾತಾಡೋರು ಯಾರು ಅಂತ ಹೆಸರು ಬರೀಬೇಕು. ನಾನು ನಮ್ಮಣ್ಣನ ಹೆಸರು ಬರೀತೀನಿ. ಬೈತಾನೆ. ಬೈಲಿ. ನನಗಂತೂ ಈ ಅಟ್ಟದ ಕೆಳಗೇ ಹೋಗ್ಬೇಕು ಅಂತ ಆಸೆ."

ರೆಕಾರ್ಡ್ ನಿಲ್ಲಿಸಿದ ಮೇಲೆ "ಜಾಸ್ತಿ ಆಯ್ತೇನೇ?" ಎಂದು ನನ್ನನ್ನು ಕೇಳಿದರು. ಇಲ್ಲ ಅಂದೆ. ಈ ಪ್ರಶ್ನೆ ಫೈಲಿನಲ್ಲಿಲ್ಲ, ಆದರೂ ಕೇಳಿದ್ದು ನಿಜ.

ಅವತ್ತೇ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಣ್ಣಯ್ಯನ ಮುಂದೆ ಮಾತು ತೆಗೆದರು. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಒಳ್ಳೇ ದಿನ್ದಲ್ಲಿ ಸಾಯೋ ಮಾತ್ಯಾಕೆ ಆಡ್ತೀಯೇ? ಕಾಯಿ ಇಳ್ಸಿದ್ ಮ್ಯಾಕೆ ನೋಡಾನ ಬುಡು."

ಆ ಮನೆಯಲ್ಲಿ ಎಲ್ಲವೂ ಹಾಗೆಯೇ. ಸುಣ್ಣ ಬಳಿಸುವುದು, ಕಣ್ಣಿನ ಆಪರೇಷನ್, ನೆಂಟರ ಮನೆಗೆ ಹೋಗುವುದು, ಏನೇ ಇದ್ದರೂ ಅಟ್ಟದಿಂದ ಕಾಯಿ ಇಳಿದ ಮೇಲೆ. ನಮ್ಮ ಸೀಮೆಯ ಮನೆಗಳಲ್ಲಿ ಅದೊಂದು ವಾಯಿದೆ, ಯಾರೂ ಪ್ರಶ್ನಿಸುವುದಿಲ್ಲ. ಕೋರ್ಟಿನಲ್ಲಿ ವಾಯಿದೆ ಕೇಳಿದವರ ಮೇಲೆ ರೇಗುತ್ತಿದ್ದ ಲಾಯರಕ್ಕ, ಮನೆಯ ಈ ವಾಯಿದೆಗೆ ತಲೆಯಾಡಿಸಿದರು. ಅಣ್ಣನ ಬದಲು ಬೇರೆ ಯಾರ ಹೆಸರನ್ನಾದರೂ ಬರೆಯಬಹುದಿತ್ತು. ನಾನೇ ಇದ್ದೆ. "ಅವನು ಮನಸಾರೆ ಹೂಂ ಅನ್ನಲಿ ಕಣೇ" ಅಂದರು. "ನನ್ನ ಕಳಿಸಿಕೊಡೋಕೆ ಬೇಕಾದಷ್ಟು ಪ್ರೀತಿ ಬೇರೆ ಯಾರಿಗೂ ಇಲ್ಲ."

ಕಾಯಿ ಇನ್ನೂ ಅಟ್ಟದ ಮೇಲೇ ಇತ್ತು. ಒಂದು ದಿನ ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದ ಲಾಯರಕ್ಕ ರಸ್ತೆ ಬದಿಯಲ್ಲೇ ಕುಸಿದರು. ತಲೆಯೊಳಗೆ ರಕ್ತ ಸೋರಿತ್ತು. ತುಮಕೂರಿನ ಆಸ್ಪತ್ರೆಗೆ ನಾವು ಮುಟ್ಟುವ ಹೊತ್ತಿಗೆ ಗಂಟಲಿಗೆ ಕೊಳವೆ ಹಾಕಿದ್ದರು. ಇನ್ನು ಎಚ್ಚರವಾಗುವ ಭರವಸೆಯಿಲ್ಲ ಎಂದು ಡಾಕ್ಟರು ಕೆಲವು ದಿನಗಳ ನಂತರ ಹೇಳಿದರು.

"ಅವರಿಗೆ ಇದು ಬೇಡವಾಗಿತ್ತು" ಅಂದೆ.

"ಬರೆದುಕೊಟ್ಟಿದ್ದಾರಾ?"

"ಇಲ್ಲ. ಅವರ ದನಿಯಲ್ಲೇ ಇದೆ."

ಡಾಕ್ಟರು ಒಳ್ಳೆಯವರು. ದನಿ ಸಾಲದು, ಆದರೂ ದಾರಿಯಿದೆ; ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು, ಮನೆಯವರೂ ಒಪ್ಪಬೇಕು ಎಂದು ತಿಳಿಸಿ ಹೇಳಿದರು. ಅಣ್ಣಯ್ಯ ನನ್ನ ಮೇಲೆ ಹರಿಹಾಯ್ದರು.

"ಎದೆ ಮ್ಯಾಕೂ ಕೆಳಕೂ ಆಡ್ತಾ ಐತೆ, ಕಾಣಲ್ವ ನಿಂಗೆ? ಉಸಿರಾಡೋ ತಂಗಿಗೆ ನಾನ್ ಸಾಕು ಅನ್ಲಾ?"

ನಾನು ಅವರ ಕೈ ಹಿಡಿದು ವಾರ್ಡಿನಿಂದ ಕರೆತಂದೆ. ಹೊರಗಿನ ಬೆಂಚಿನ ಮೇಲೆ ಕೂರಿಸಿ, ಇಯರ್‌ಫೋನ್ ಅವರ ಕಿವಿಗೆ ಸಿಕ್ಕಿಸಿ, ಆ ಸಂಚಿಕೆ ಹಾಕಿದೆ. ತಂಗಿಯ ಪಾಡ್‌ಕಾಸ್ಟನ್ನು ಅವರು ಕೇಳಿದ್ದು ಅದೇ ಮೊದಲು. ಕಾಯಿಯ ಸದ್ದಿಗೆ ಸಣ್ಣಗೆ ನಕ್ಕರು. "ನಮಸ್ಕಾರ" ಅಂದಾಗ ತಿರುಗಿ ವಾರ್ಡಿನ ಬಾಗಿಲ ಕಡೆ ನೋಡಿದರು. ಪೂರ್ತಿ ಕೇಳಿ ಮುಗಿಸಿ, ಇಯರ್‌ಫೋನನ್ನು ಅಂಗೈಯಲ್ಲಿ ಮುಚ್ಚಿಹಿಡಿದು ಕೂತರು.

"ನಂಗೆ ಹೇಳಿದ್ಲು ಕಣವ್ವ. ನಾನೇ ಕಾಯಿ ಇಳೀಲಿ ಅಂದೆ."

ಆಮೇಲೆ ಎದ್ದು ಹೋಗಿ ಡಾಕ್ಟರಿಗೆ ಹೂಂ ಅಂದರು. ಮೊದಲನೆಯ ಮಂಡಳಿ ಒಪ್ಪಿತು. ಎರಡನೆಯದು ಬರುವುದರೊಳಗೆ ಲಾಯರಕ್ಕ ಹೋದರು, ಕೊಳವೆ ಗಂಟಲಲ್ಲಿದ್ದಂತೆಯೇ. ಯಾರದೂ ತಪ್ಪಿಲ್ಲ. ಹಾಗೆಂದು ನಾನು ಎಷ್ಟು ಸಲ ಬರೆದುಕೊಂಡಿದ್ದೇನೋ.

ಅಟ್ಟದ ಕೆಳಗಿನ ಕೋಣೆಯಲ್ಲೇ, ವಿಭೂತಿ ಹಚ್ಚಿ, ಮೈಕಿನ ಮುಂದೆ ಕೂರುತ್ತಿದ್ದ ಜಾಗದಲ್ಲೇ ಅವರನ್ನು ಕೂರಿಸಿದರು. ಅವರು ಕೇಳಿದ್ದ ಜಾಗಕ್ಕೆ ಕೊನೆಗೂ ಬಂದಿದ್ದರು, ತಡವಾಗಿ. ಮಣ್ಣಾದದ್ದು ತೋಟದಲ್ಲಿ.

ಕಳೆದ ವಾರ ಕಾಯಿ ಇಳಿಸಿದರು. ಅಣ್ಣಯ್ಯ ಗೋಡೆಯಾಚೆಯಿಂದ ನನ್ನನ್ನು ಕೂಗಿ ಕರೆದರು. ಕೋಣೆಯ ತುಂಬ ನಾರಿನ ಧೂಳು. ಆಳುಗಳು ಊಟಕ್ಕೆ ಹೋಗಿದ್ದರು.

"ನಂದೂ ಒಂದು ಪತ್ರ ಬರ್ಕೊಡವ್ವ. ಅವ್ಳು ಹೇಳ್ದಂಗೇ. ನಿನ್ ಹೆಸ್ರು ಹಾಕು."

"ಯಾವಾಗ ಬರೆಯೋಣ ಅಣ್ಣಯ್ಯ?"

"ಈಗ್ಲೇ."

ಪೆನ್ನು ತರಲು ನಾನು ಎದ್ದೆ. ಮುಂದೆ ನಡೆದದ್ದನ್ನು ಯಾರೂ ರೆಕಾರ್ಡ್ ಮಾಡಿಕೊಂಡಿಲ್ಲ, ಆದರೆ ಇದರಲ್ಲಿ ನನಗೆ ಅನುಮಾನವಿಲ್ಲ. ಅಣ್ಣಯ್ಯ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು, ಒಣಗಿದೆಯೋ ಇಲ್ಲವೋ ಎಂದು ಎಂದಿನಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡ್ ಲೊಡ್ ಲೊಡ್. ನಾನು ಬಾಗಿಲಲ್ಲೇ ನಿಂತೆ. ಅವರ ಕೈಯೂ ಗಾಳಿಯಲ್ಲೇ ನಿಂತಿತು. ಆ ಸದ್ದಿನ ಹಿಂದೆಯೇ ಬರಬೇಕಾದ ಮಾತಿಗಾಗಿ ಇಬ್ಬರೂ ಕಾದೆವು.