ಹಿಂದಿನ ಸೀಟಿಲ್ಲದ ಗಾಡಿ

ನನ್ನ ಗಂಡನ ಮನೆಯ ಗಂಡಸರ ಮುಖಕ್ಕಿಂತ ಅವರ ಹಿಂದಲೆಯೇ ನನಗೆ ಚೆನ್ನಾಗಿ ಗೊತ್ತು. ಯಾರ ನೆತ್ತಿಯಲ್ಲಿ ಎರಡು ಸುಳಿ, ಯಾರ ಕತ್ತಿನ ಮೇಲೆ ಮಚ್ಚೆ, ತಲೆಗೆ ಬಣ್ಣ ಹಚ್ಚುವಾಗ ಹಿಂದುಗಡೆಯನ್ನು ಮರೆಯುವವರು ಯಾರು, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇದು ಮದುವೆಯಾದಾಗಿನಿಂದ ಕಾರಿನ ಹಿಂದಿನ ಸೀಟಿನಲ್ಲಿ, ಅದರಲ್ಲೂ ನಟ್ಟನಡುವೆ, ಕೂತು ಸಂಪಾದಿಸಿದ ವಿದ್ಯೆ.

ನಡುವೆ ಕೂರುವುದೆಂದರೆ ಏನು ಎಂಬುದು ಕಿಟಕಿ ಪಕ್ಕದವರಿಗೆ ತಿಳಿಯದು. ಕಾಲಿಡುವ ಜಾಗದಲ್ಲಿ ಒಂದು ದಿಬ್ಬ. ತೊಡೆಯ ಮೇಲೆ ಯಾರದೋ ಮಗು. ಎರಡು ಪಾದಗಳ ಸಂದಿಯಲ್ಲಿ ಒಬ್ಬಟ್ಟಿನ ಡಬ್ಬಿ, ಅದು ಉರುಳಿದರೆ ಹೊಣೆ ನನ್ನದು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ತೆಳ್ಳಗಿದ್ದೆ. "ನೀನು ಮಧ್ಯ ಕೂತ್ಕೊಳ್ಳಮ್ಮ, ನಿಂಗೆಷ್ಟು ಜಾಗ ಬೇಕು?" ಎಂದರು ಅತ್ತೆ. ಆಮೇಲೆ ನಾನು ತೆಳ್ಳಗೆ ಉಳಿಯಲಿಲ್ಲ, ಆದರೆ ಆ ಆಜ್ಞೆಯನ್ನು ಯಾರೂ ತಿದ್ದಲೂ ಇಲ್ಲ. ನಾವಿರುವ ಹಾಸನದಿಂದ ಗಂಡನ ಊರು ಹೊಳೆನರಸೀಪುರಕ್ಕೆ, ಅಲ್ಲಿಂದ ನನ್ನ ತವರು ಅರಕಲಗೂಡಿಗೆ ಅದೆಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ದಾರಿ ಹೇಗಿದೆ ಎಂದು ಮಾತ್ರ ಕೇಳಬೇಡಿ, ನಾನು ನೋಡಿಲ್ಲ.

"ಹಿಂದೆ ಕೂರೋದು ಗೌರವ ಕಣೇ. ರಥದಲ್ಲಿ ರಾಜ ಹಿಂದೆ ಕೂರ್ತಿದ್ದ, ಮುಂದೆ ಸಾರಥಿ" ಎಂದು ನಮ್ಮನೆಯವರು ಒಮ್ಮೆ ಪುರಾಣ ತೆಗೆದು ಸಮಾಧಾನ ಹೇಳಿದ್ದರು. ಇರಬಹುದು. ಆದರೆ ಯಾವ ರಾಜನ ತೊಡೆಯ ಮೇಲೆ ಮೈದುನನ ಮಗ ಚಕ್ಕುಲಿ ಪುಡಿ ಉದುರಿಸುತ್ತ ಕೂತಿದ್ದ? ನಮ್ಮ ಪದ್ಧತಿ ಬಂದದ್ದು ರಥದಿಂದಲ್ಲ, ಎತ್ತಿನ ಗಾಡಿಯಿಂದ. ನೊಗದ ಹತ್ತಿರ ಗಂಡಸು, ಹಿಂದೆ ಹುಲ್ಲು, ಹುಲ್ಲಿನ ಮೇಲೆ ಹೆಂಗಸರು. ಎತ್ತು ಹೋಯಿತು, ನೊಗ ಹೋಯಿತು, ಕೂರುವ ಕ್ರಮ ಹಾಗೇ ಉಳಿಯಿತು.

ಐವತ್ತು ತುಂಬಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತೆ. ಕಲಿತು ಪ್ರಯೋಜನ? ಮನೆಯ ಕಾರು ನಮ್ಮನೆಯವರಿಗೆ ಬೇಡವಾದ ದಿನ ನಾನು ರಸಾಯನಶಾಸ್ತ್ರ ಹೇಳಿಕೊಡುವ ಕಾಲೇಜಿನವರೆಗೆ ಓಡಿಸಬಹುದಿತ್ತು. ನಾಲ್ಕು ಜನ ಸೇರಿ ಹೊರಟರೆ ಮತ್ತೆ ದಿಬ್ಬದ ಮೇಲೆ ಪಾದ, ಪಾದದ ನಡುವೆ ಡಬ್ಬಿ. ಹೀಗಿರುವಾಗ ಒಂದು ದಿನ ಸ್ಟಾಫ್ ರೂಮಿನಲ್ಲಿ ಯಾರೋ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಚನ್ನರಾಯಪಟ್ಟಣದಲ್ಲಿ ಮಾರಾಟಕ್ಕಿದ್ದ ಕಾರು. ಇಂಕಿನ ನೀಲಿ, ಕುಳ್ಳು, ನೆಲಕ್ಕೆ ಅಂಟಿಕೊಂಡಂತೆ ಕೂತಿದೆ. ಬಾಗಿಲು ಎರಡೇ. ಇಂಥದ್ದನ್ನು ಕೂಪೆ ಎನ್ನುತ್ತಾರಂತೆ. ಹಿಂದಿನ ಸೀಟು ಇರುವುದು ಹೆಸರಿಗೆ, ಒಂದು ಕುಂಬಳಕಾಯಿ ಇಡಬಹುದು. ಫೋಟೋದ ಕೆಳಗೆ ಬರೆದಿದ್ದ ಅದನ್ನು ಎರಡೆರಡು ಸಲ ಓದಿದೆ. ಹಿಂದಿನ ಸೀಟೇ ಇಲ್ಲದ ಮೇಲೆ ನನ್ನನ್ನು ಅಲ್ಲಿ ಕೂರಿಸುವುದು ಹೇಗೆ?

"ನೋಡ್ಕೊಂಡು ಬರೋಣ. ನಿನ್ನ ಸಂಪಾದನೆ, ನಿನ್ನಿಷ್ಟ" ಎಂದರು ನಮ್ಮನೆಯವರು. ಮಾತು ಚೆನ್ನಾಗಿಯೇ ಇತ್ತು. ಆದರೆ ಕೂಡಲೇ ಹೊಳೆನರಸೀಪುರಕ್ಕೆ ಫೋನು ಮಾಡಿ ತಮ್ಮನನ್ನು ಕರೆದರು. ಈ ತಮ್ಮ, ನನ್ನ ಮೈದುನ ಲೋಕೇಶ, ಹೂಂ ಎನ್ನದೆ ನಮ್ಮ ವಂಶದಲ್ಲಿ ಒಂದು ಸ್ಕೂಟರೂ ಮನೆಯ ಅಂಗಳಕ್ಕೆ ಬಂದದ್ದಿಲ್ಲ. ಅವನು ಬೇಡವೆಂದು ತಲೆ ಅಲ್ಲಾಡಿಸಿದರೆ ಮುಗಿಯಿತು, ಅಣ್ಣನೂ ಅಲ್ಲಾಡಿಸುತ್ತಾರೆ. ಇದೊಂದು ಕೈತಪ್ಪಿದರೆ ಉಳಿದ ಆಯುಷ್ಯವೂ ಆ ದಿಬ್ಬದ ಮೇಲೆಯೇ ಎಂದು ನನಗೆ ನಿಜಕ್ಕೂ ಭಯವಾಯಿತು.

ಭಾನುವಾರ ಹೊರಟೆವು. ಮುಂದೆ ಅಣ್ಣ ತಮ್ಮ, ಹಿಂದೆ ನಾನೊಬ್ಬಳೇ. ಅರ್ಧ ದಾರಿ ಸವೆದ ಮೇಲೆ ಗಮನಿಸುತ್ತೇನೆ, ಎರಡು ಕಿಟಕಿಯೂ ಖಾಲಿ ಇರುವಾಗಲೂ ನಾನು ನಡುವೆಯೇ ಕೂತಿದ್ದೇನೆ. ನಾಚಿಕೆಯಾಗಿ ಪಕ್ಕಕ್ಕೆ ಸರಿದೆ.

ಗಾಡಿಯ ಯಜಮಾನ ಯೋಗೇಶ ಕೊಬ್ಬರಿ ವ್ಯಾಪಾರಿ, ಇನ್ನೂ ಹುಡುಗು ಮುಖ. ಗೋದಾಮಿನಲ್ಲಿ ತೆಂಗಿನಕಾಯಿ ಚೀಲಗಳ ಒತ್ತಿಗೆ ಕಾರು ನಿಂತಿತ್ತು. ಅವನು ಮಾತಾಡಿದ್ದೆಲ್ಲ ಗಂಡಸರ ಜೊತೆ. "ಮೈಲೇಜ್ ಕೇಳ್ಬ್ಯಾಡಿ ಸಾ, ಪಿಕಪ್ ನೋಡಿ." ಲೋಕೇಶ ಟೈರಿಗೆ ಒಂದೊಂದು ಒದೆ ಕೊಟ್ಟ. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಾಯಿ ಬಲಿತಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಕಿವಿಗೊಟ್ಟ. ಎಂಜಿನ್ ಆಯಿಲನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ "ಹೂಂ" ಎಂದ. ಅದು ಒಳ್ಳೆಯ ಹೂಂ ಆಗಿತ್ತೋ ಕೆಟ್ಟ ಹೂಂ ಆಗಿತ್ತೋ ಗೊತ್ತಾಗಲಿಲ್ಲ. ನಮ್ಮ ಮಾವನವರು ಎತ್ತು ಕೊಳ್ಳುವಾಗಲೂ ಹೀಗೆಯೇ ಹಲ್ಲು ಬಿಡಿಸಿ, ಸುಳಿ ಹುಡುಕಿ, ಬಾಲ ತಿರುಚಿ ಹೂಂ ಎನ್ನುತ್ತಿದ್ದರಂತೆ. ಹಾಗೆ ಆರಿಸಿ ತಂದ ಜೋಡಿಯಲ್ಲೊಂದು ಗದ್ದೆಯಲ್ಲಿ ಮಲಗಿದರೆ ಸಂಜೆಯವರೆಗೂ ಏಳುತ್ತಿರಲಿಲ್ಲ ಎಂಬುದು ಅತ್ತೆ ಹೇಳಿದ ಉಳಿದ ಕತೆ. ನಮ್ಮನೆಯವರು ಸರ್ಕಾರಿ ಕಚೇರಿಯಲ್ಲಿ ಜನ್ಮವಿಡೀ ಕಾಗದ ನೋಡಿದವರು, ಇಲ್ಲೂ ಕಾಗದವನ್ನೇ ನೋಡಿದರು.

ನಾನು ಒಂದು ತಿಂಗಳಿಂದ ಮೊಬೈಲಿನಲ್ಲಿ ಹಳೇ ಕಾರು ಕೊಳ್ಳುವ ಪಾಠಗಳನ್ನು ನೋಡಿದ್ದೆ. ಮೆಲ್ಲನೆ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿ! ನಾವು ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿದ್ದಾನೆ ಎಂದರೆ ಮುಂಜಾನೆ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿ ಎಂದೇ ಅರ್ಥ ಎಂದು ಪಾಠ ಹೇಳಿತ್ತು. ಕೇಳಿಯೇಬಿಟ್ಟೆ.

ಯೋಗೇಶ ಮೊದಲ ಬಾರಿಗೆ ನನ್ನ ಕಡೆ ತಿರುಗಿದ. "ಅಯ್ಯೋ ಅಕ್ಕಾ, ಮನೇಲಿ ಅವಳಿ ಮಕ್ಳು. ಈ ಗಾಡಿ ಸದ್ದು ಕೇಳುದ್ರೇನೇ ಮಲಗಾದು. ಬೆಳಿಗ್ಗೆ ಎಲ್ಡು ಸಲ ಸ್ಟಾರ್ಟ್ ಮಾಡಿವ್ನಿ. ಇಬ್ರುನ್ನೂ ಹಿಂದೆ ಕೂರ್ಸಕ್ಕಾಗಲ್ಲ ಅಂತಾನೇ ಮಾರ್ತಿರಾದು. ಮಾರುದ್ ಮ್ಯಾಲೆ ಅವುನ್ನ ಹೆಂಗ್ ಮಲಗ್ಸಾದೋ ಗೊತ್ತಿಲ್ಲ." ಹೇಳುವಾಗ ಅವನ ಮುಖ ಸಣ್ಣದಾಯಿತು. ಎಂಜಿನ್ ತಣ್ಣಗಾಗುವವರೆಗೆ ಕಾದು ಮತ್ತೆ ಸ್ಟಾರ್ಟ್ ಮಾಡಿಸಿದೆ. ಒಂದೇ ಏಟಿಗೆ ಎದ್ದಿತು. ಗೋದಾಮಿನ ಹಿಂದಿನ ಮನೆಯಲ್ಲೆಲ್ಲೋ ಎರಡು ಕೂಸುಗಳು ಅಳು ನಿಲ್ಲಿಸಿದವು.

ಇನ್ನು ಓಡಿಸಿ ನೋಡಬೇಕು. ಬೀಗದ ಕೈಯನ್ನು ಯೋಗೇಶ ನಮ್ಮನೆಯವರಿಗೆ ಕೊಟ್ಟ. ಪುಣ್ಯಾತ್ಮರು ಅದನ್ನು ನನ್ನ ಕೈಗಿಟ್ಟು "ಓಡಿಸೋಳು ಅವಳು" ಎಂದರು. ಅಷ್ಟು ಒಳ್ಳೆಯತನಕ್ಕೆ ನಾನು ತಯಾರಿರಲಿಲ್ಲ. ತೊಂದರೆಯೆಂದರೆ ನಮ್ಮ ಕಡೆ ಗಾಡಿ ನೋಡಲು ಬಂದವರು ಗಾಡಿ ಹತ್ತದೆ ಹಿಂದಿರುಗುವ ರೂಢಿಯಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ದಾರಿ ತೋರಿಸಲು ಯೋಗೇಶ ಮುಂದೆ ಕೂರಲೇಬೇಕು. ಉಳಿದದ್ದು ಕುಂಬಳಕಾಯಿಯ ಜಾಗ. ಎಡಗಡೆ ಚೀಲಗಳ ಅಡ್ಡಿಯಿದ್ದುದರಿಂದ ನನ್ನ ಸೀಟನ್ನೇ ಮುಂದಕ್ಕೆ ಬಗ್ಗಿಸಿ, ಮೊದಲು ಲೋಕೇಶ, ಆಮೇಲೆ ಅವನಣ್ಣ, ಇಬ್ಬರೂ ಮಡಚಿಕೊಂಡು ಒಳಗೆ ಸೇರಿದರು. ಗಾಡಿ ಚೀಲಗಳಿಂದ ಈಚೆಗೆ ಬಂದ ಮೇಲೆ ಯೋಗೇಶ ಎಡಗಡೆ ಹತ್ತಿದ. ಕನ್ನಡಿ ಸರಿಮಾಡಿ ನೋಡಿದರೆ ಎರಡು ಮುಖ, ಗಲ್ಲಕ್ಕೆ ತಾಗಿದಂತೆ ನಾಲ್ಕು ಮಂಡಿ. ಕಾರಿನಲ್ಲಿ ಕೂತು ನಾನು ಅವರ ಮುಖ ನೋಡಿದ್ದು ಅದೇ ಮೊದಲು.

ಬಾಗೂರಿನ ರಸ್ತೆ ಹಿಡಿದೆ. ಆಹಾ, ಆ ಗಾಡಿಯ ಓಟವೇ! ಕಾಲು ಸೋಕಿದರೆ ಸಾಕು, ಮುಂದಕ್ಕೆ ಹಾರುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ರಸ್ತೆಯ ಪ್ರತಿ ಹಂಪಿನಲ್ಲೂ ಗಾಡಿಯ ಹೊಟ್ಟೆ ಕರ್ರ್ ಎಂದು ಉಜ್ಜುತ್ತಿತ್ತು, ಹಿಂದಿನಿಂದ ಲೋಕೇಶ "ಅತ್ತಿಗೆ, ನಿಧಾನ!" ಎನ್ನುತ್ತಿದ್ದ. "ಹಂಪು ಎತ್ತರ ಕಣೋ" ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದ ಮೈದುನ, ಮಂಡಿಗಳ ಸಂದಿಯಿಂದ.

ಒಂದು ತಿರುವು ದಾಟಿದರೆ ಎದುರಿಗೆ ಹುರುಳಿ. ಕೊಯ್ಲಿನ ಕಾಲದಲ್ಲಿ ನಮ್ಮ ಸೀಮೆಯ ಅರ್ಧ ರಸ್ತೆ ಕಣವಾಗುವುದು ನಿಮಗೆ ಗೊತ್ತೇ ಇದೆ. ಕಿತ್ತ ಗಿಡವನ್ನು ಟಾರಿನ ಮೇಲೆ ಹರಡಿಬಿಟ್ಟರೆ ಹೋಗಿಬರುವ ಚಕ್ರಗಳೇ ತುಳಿದು ಕಾಳು ಬಿಡಿಸುತ್ತವೆ. ಪಕ್ಕದಲ್ಲಿ ಒಬ್ಬ ಹೆಂಗಸು, ಆಮೇಲೆ ಗೊತ್ತಾಯಿತು ಜವರಮ್ಮ ಎಂದು, ಗಿಡ ಮಗುಚುವ ಕವೆಗೋಲು ಹಿಡಿದು ನಿಂತಿದ್ದಳು. ಬಸ್ಸಿನವರೂ ಹುರುಳಿಯ ಮೇಲೇ ಹೋಗುತ್ತಾರೆ, ನಾವು ಹೋಗದಿದ್ದರೆ ಹೇಗೆ? "ಬನ್ನಿ, ಬನ್ನಿ, ಅದ್ರ ಮ್ಯಾಲೇ ಬನ್ನಿ!" ಎಂದು ಕೈಬೀಸಿದಳು. ಹೋದೆ.

ಆ ಗಾಡಿ ಹುರುಳಿಯನ್ನು ತುಳಿಯಲಿಲ್ಲ, ಬಾಚಿತು. ಇದ್ದ ಗಿಡವನ್ನೆಲ್ಲ ಹೊಟ್ಟೆಯಡಿಗೆ ಎಳೆದುಕೊಂಡು, ಮಾವನವರ ಎತ್ತಿನ ಹಾಗೆ, ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಮರುಕ್ಷಣ ಸುಟ್ಟ ವಾಸನೆ. ಒಣಗಿದ ಗಿಡ, ಕಾದ ಸೈಲೆನ್ಸರು, ಬೇಕಾದಷ್ಟು ಗಾಳಿ. ದಹನಕ್ರಿಯೆಗೆ ಏನೇನು ಬೇಕೆಂದು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಎಂಜಿನ್ ಆರಿಸಿ, ಹೊರಗೆ ಜಿಗಿದು, "ಬೆಂಕಿ! ಇಳೀರಿ!" ಎಂದು ಕೂಗಿದೆ.

ಇಳಿಯುವುದು ಹೇಗೆ? ಯೋಗೇಶ ಎಡಗಡೆಯ ಸೀಟಿನ ಹಿಡಿಯನ್ನು ಎಳೆದ, ಒದ್ದ, ದೇವರನ್ನು ಕರೆದ. ಅದು ಬಗ್ಗಲಿಲ್ಲ. "ಈ ಸೀಟ್ನ ಯಾವತ್ತೂ ಬಗ್ಗುಸ್ದೋರೇ ಇಲ್ಲ ಸಾ! ಹಿಂದ್ಗಡೆ ಯಾರೂ ಕೂತೇ ಇಲ್ಲ!" ನನ್ನ ಕಡೆಯ ಸೀಟು ಬಗ್ಗಿತು, ಆದರೆ ಅಲ್ಲಿದ್ದ ನಮ್ಮನೆಯವರ ಕಾಲು ಜೋಮು ಹಿಡಿದು ಅಲ್ಲಾಡುತ್ತಿರಲಿಲ್ಲ. ಕೈಹಿಡಿದು ಎಳೆದೆ. ಸಪ್ತಪದಿಯಲ್ಲೂ ಅವರ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಅವರು ಬಂದ ಮೇಲೆ ಲೋಕೇಶ ನಾಲ್ಕು ಕಾಲಲ್ಲಿ ತೆವಳಿ ಹೊರಬಿದ್ದ.

ಅಷ್ಟು ಹೊತ್ತಿಗೆ ಜವರಮ್ಮ ಕವೆಗೋಲಿನಲ್ಲಿ ಗಾಡಿಯ ಹೊಟ್ಟೆಯಡಿಯ ಗಿಡವನ್ನೆಲ್ಲ ಕೆದಕಿ ಎಳೆದು, ಬಿಂದಿಗೆಯ ನೀರು ಎರಚಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬೆಂಕಿನೂ ಇಲ್ಲ ಏನೂ ಇಲ್ಲ, ಬರೀ ಒಗೆ ಕಣವ್ವಾ. ಅದ್ಯಾಕಂಗೆ ಬಡ್ಕೊಂಡ್ರಿ? ಇದೇನ್ ಗಾಡಿನೋ ಕಾಣೆ, ಕಾಳು ಬುಡ್ಸಕ್ಕೂ ಬರಾಕಿಲ್ಲ."

ಲೋಕೇಶ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ತೀರ್ಪು ಕೊಟ್ಟ. "ಬೇಡ ಅತ್ತಿಗೆ. ಎಂಜಿನ್ ಚೆನ್ನಾಗಿದೆ, ನಾನಿಲ್ಲ ಅನ್ನಲ್ಲ. ಆದ್ರೆ ಹಿಂದುಗಡೆ ಮನುಷ್ಯರು ಕೂರೋ ಹಂಗೇ ಇಲ್ಲ." ಅಣ್ಣ ತಲೆ ಅಲ್ಲಾಡಿಸುವುದನ್ನೇ ಕಾದೆ. ಅವರು ಮಂಡಿ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. "ಇಷ್ಟು ವರ್ಷ ಹಿಂದೆ ಕೂತು ನೀನು ಒಂದು ಮಾತೂ ಆಡ್ಲಿಲ್ವಲ್ಲೇ."

"ಆಡಿದ್ದೆ. ಹಿಂದಿನ ಸೀಟಿನ ಮಾತು ಮುಂದಿನವರಿಗೆ ಕೇಳಿಸಲ್ಲ" ಎಂದೆ. ಕೋಪದಿಂದ ಹೇಳಬೇಕೆಂದುಕೊಂಡಿದ್ದೆ, ಬೇರೆ ಥರ ಬಂತು.

ಯೋಗೇಶ ಕಾರಿನಡಿಗೆ ತೂರಿ, ಏನೂ ಕಿತ್ತಿಲ್ಲ, ಎಲ್ಲೂ ಸೋರುತ್ತಿಲ್ಲ ಎಂದು ಸಾರಿದ. ಹಾಗಾದರೆ ಇನ್ನೊಮ್ಮೆ ಓಡಿಸಿ ನೋಡಿಯೇ ನಿರ್ಧರಿಸುತ್ತೇನೆ ಎಂದೆ. ಯಾರು ಬರುತ್ತೀರಿ? ಅಣ್ಣ ತಮ್ಮ ಇಬ್ಬರೂ ಆಕಾಶ ನೋಡಿದರು. ಮಾರುವವನೂ ಮೈಮೇಲಿನ ಹೊಟ್ಟು ಕೊಡವುತ್ತ "ಓಗ್ಬನ್ನಿ ಅಕ್ಕಾ" ಎಂದುಬಿಟ್ಟ.

"ನಾನ್ ಬರ್ಲಾ?" ಎಂದಳು ಜವರಮ್ಮ. ಉತ್ತರಕ್ಕೂ ಕಾಯದೆ ಕವೆಗೋಲನ್ನು ನಮ್ಮನೆಯವರ ಕೈಗೆ ಕೊಟ್ಟು, "ಒಸಿ ಮಗುಚಾಕ್ತಾ ಇರಿ ಸಾ, ಬಂದ್ಬುಟ್ಟೆ" ಎಂದು, ಬಾಗಿಲ ಬಳಿ ಬಂದು ಅಭ್ಯಾಸದಂತೆ ಹಿಂದಿನ ಬಾಗಿಲು ಹುಡುಕಿದಳು. ಇರಲಿಲ್ಲ. "ಮುಂದ್ಗಡೇನೇ ಕೂತ್ಕೊಳ್ಳಿ" ಎಂದೆ.

ಸೆರಗಿನಲ್ಲಿ ಮೈ ಒರೆಸಿಕೊಂಡು, ಪಾದದ ಧೂಳು ಕೊಡವಿ ಕೂತಳು. "ಮುಂದ್ಗಡೆ ಕೂತಿದ್ದೇ ಇಲ್ಲ ಕಣವ್ವಾ. ಟ್ಯಾಕ್ಟ್ರಾದ್ರೆ ಟೈಲರ್ನಾಗೆ, ಟೆಂಪೋ ಆದ್ರೆ ಹಿಂದ್ಕೆ. ಓದ್ವರ್ಸ ಜರ ಬಂದು ಆಂಬುಲೆನ್ಸ್ನಾಗೆ ಓದ್ನಲ್ಲ, ಅದ್ರಾಗೂ ಹಿಂದ್ಕೇ ಮಲಗ್ಸುದ್ರು!" ಇಬ್ಬರೂ ಬಿದ್ದುಬಿದ್ದು ನಕ್ಕೆವು. ಗೇರು ಹಾಕಿದೆ. ಎರಡೂ ಕಡೆ ತೆಂಗಿನ ಸಾಲು ಹಿಂದಕ್ಕೆ ಸರಿಯಿತು, ಬಿಸಿಲು ನೇರ ಮಡಿಲಿಗೆ ಬಂತು, ಎದುರಿಗೆ ಯಾರ ತಲೆಯೂ ಇರಲಿಲ್ಲ. ಜವರಮ್ಮ ಬಾಯಿ ತೆರೆದುಕೊಂಡು ಗಾಜಿನಾಚೆ ನೋಡಿದಳು. ಹುಟ್ಟಿದಾಗಿನಿಂದ ಅವಳು ಓಡಾಡಿದ ರಸ್ತೆ ಅದು.

"ಅವ್ವಯ್ಯಾ! ರೋಡು ಇಷ್ಟಗ್ಲ ಐತಾ?" ಎಂದಳು. ನನ್ನ ಕಣ್ಣು ತುಂಬುವುದರಲ್ಲಿತ್ತು. ಅಷ್ಟರಲ್ಲಿ ಅವಳೇ ಮಾತು ಮುಗಿಸಿದಳು: "ಅಂಗಾರೆ ಇನ್ನೆಲ್ಡು ಒರೆ ಉಳ್ಳಿ ಅರಡ್ಬೋದಿತ್ತಲ್ಲ!"

ತಿರುಗಿ ಬಂದಾಗ ಅಣ್ಣ ಕವೆಗೋಲಿನಲ್ಲಿ ಹುರುಳಿ ಮಗುಚುತ್ತಿದ್ದರು, ತಮ್ಮ ಹೇಗೆ ಮಗುಚಬೇಕೆಂದು ಹೇಳಿಕೊಡುತ್ತಿದ್ದ. "ಏನ್ ತೀರ್ಮಾನ ಅತ್ತಿಗೆ?" ಎಂದ. "ಹಿಂದೆ ಮನುಷ್ಯರು ಕೂರೋಕಾಗಲ್ಲ ಅಂದ್ಯಲ್ಲ, ಅದಕ್ಕೇ ತಗೋತೀನಿ" ಎಂದೆ. ಅವನು ಅಣ್ಣನ ಮುಖ ನೋಡಿದ. ಅಣ್ಣ ಈ ಸಲ ತಲೆ ಅಲ್ಲಾಡಿಸಲಿಲ್ಲ. ಕವೆಗೋಲನ್ನು ಪಕ್ಕಕ್ಕಿಟ್ಟು, ಕುಂಟುತ್ತ ಬಂದು, ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು.

ಗಾಡಿ ಈಗ ನನ್ನದು. ಯೋಗೇಶನ ಮಕ್ಕಳಿಗಾಗಿ ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದ್ದೇನೆ, ಮಲಗುತ್ತಿವೆಯಂತೆ. ಇನ್ನೊಂದು ಮಾತು. ಬಾಗೂರಿನ ದಾರಿಯಲ್ಲಿ ಹೋಗುವಾಗ ಒಂದು ಕಡೆ ಹುರುಳಿಯನ್ನು ರಸ್ತೆಯ ತುಂಬಾ, ಸ್ವಲ್ಪ ಹೆಚ್ಚೇ ಅಗಲಕ್ಕೆ ಹರಡಿರುವುದು ಕಂಡರೆ ಜವರಮ್ಮನನ್ನು ಬೈಯಬೇಡಿ. ಅವಳನ್ನು ಮುಂದೆ ಕೂರಿಸಿ ರಸ್ತೆ ತೋರಿಸಿದವಳು ನಾನು.