ಎಂಟು ಜಿಬಿಗೆ ನಿಂತುಹೋದ ದುರಸ್ತಿ

ನಾಲ್ಕು ವರ್ಷಗಳ ಹಿಂದೆ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಮೂವತ್ತೆರಡು ಟಿಬಿಯ ಸ್ಟೋರೇಜ್ ಸರ್ವರ್ ನನ್ನ ಹೊಣೆಯಲ್ಲಿತ್ತು. ಮೋಟೆಬೆನ್ನೂರಿನ ನಿವೃತ್ತ ಶಿಕ್ಷಕಿ ಗಿರಿಜಕ್ಕ ಒಂಬತ್ತು ವರ್ಷ ಊರೂರು ತಿರುಗಿ, ಸ್ವಾತಂತ್ರ್ಯ ಚಳವಳಿಯ ಕಾಲ ಕಂಡ ಹಿರಿಯರ ಮಾತುಗಳನ್ನು ವಿಡಿಯೊ ಮಾಡಿ ಅದರಲ್ಲಿ ಇಟ್ಟಿದ್ದರು. ಬೇರೆ ಪ್ರತಿ ಇರಲಿಲ್ಲ. ಮಾತಾಡಿದವರಲ್ಲಿ ಬಹಳ ಮಂದಿ ತೀರಿಕೊಂಡಿದ್ದರು, ಗಿರಿಜಕ್ಕನ ತಾಯಿಯೂ.

ಒಂದು ಬೆಳಿಗ್ಗೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತು. ಆಮೇಲೆ ಫೈಲ್‌ಸಿಸ್ಟಮ್ ತೆರೆಯಲಿಲ್ಲ. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ತೋರಿಸುವ ವ್ಯವಸ್ಥೆ ಅದು. ಅದನ್ನು ದುರಸ್ತಿ ಮಾಡುವ ಪ್ರೋಗ್ರಾಂ ಆ ವಿವರವನ್ನೆಲ್ಲ ಮೆಮೊರಿಯಲ್ಲಿ ಹಿಡಿದುಕೊಂಡು ತಾಳೆ ನೋಡುತ್ತದೆ. ಡಿಸ್ಕ್ ದೊಡ್ಡದಾದಷ್ಟೂ ಮೆಮೊರಿ ಹೆಚ್ಚು ಬೇಕು. ನಮ್ಮಲ್ಲಿದ್ದದ್ದು ಎಂಟು ಜಿಬಿ. ಸಾಲದು ಎಂದು ಪ್ರೋಗ್ರಾಂ ಮೊದಲೇ ಎಚ್ಚರಿಸಿತು. ದುರಸ್ತಿ ಕೆಟ್ಟರೂ ಮೂಲ ಉಳಿಯಲೆಂದು ಡಿಸ್ಕುಗಳ ನಕಲು ತೆಗೆದುಕೊಳ್ಳೋಣವೆಂದರೆ ಖಾಲಿ ಡಿಸ್ಕುಗಳು ಹುಬ್ಬಳ್ಳಿಯಿಂದ ಬರಲು ಎರಡು ದಿನ ಬೇಕಿತ್ತು.

ಸುದ್ದಿ ಕೇಳಿ ಗಿರಿಜಕ್ಕ ಬಸ್ಸು ಹಿಡಿದು ಬಂದರು. “ಆಗತೈತೇನ ತಮ್ಮಾ?”

“ಆಗತೈತ್ರಿ ಅಕ್ಕಾರ, ಸಂಜೀಕ ನೋಡಕೊಂಡ ಹೋಗ್ರಿ,” ಎಂದುಬಿಟ್ಟೆ.

ಎಚ್ಚರಿಕೆಯನ್ನು ಬದಿಗೊತ್ತಿ ದುರಸ್ತಿ ಶುರು ಮಾಡಿದೆ. ಮೂರು ತಾಸಿಗೆ ಮೆಮೊರಿ ತುಂಬಿತು. ಸರ್ವರ್ ತಾನಾಗಿಯೇ ಆ ಪ್ರೋಗ್ರಾಂ ನಿಲ್ಲಿಸಿತು. ಅರ್ಧ ತಿದ್ದಿ ಬಿಟ್ಟ ಡಿಸ್ಕು ಮೊದಲಿಗಿಂತ ಕೆಟ್ಟಿತ್ತು.

ಮರುದಿನ ರಾಣೆಬೆನ್ನೂರಿನ ಗೆಳೆಯನೊಬ್ಬನ ಅರವತ್ನಾಲ್ಕು ಜಿಬಿಯ ಯಂತ್ರ ತಂದು ಕೆಲಸ ಮುಗಿಸಿದೆ. ಫೈಲುಗಳೇನೋ ಬಂದವು, ಹೆಸರುಗಳು ಅಳಿಸಿ ಬರೀ ನಂಬರು ಉಳಿದಿದ್ದವು. ಎಷ್ಟೋ ಫೈಲುಗಳು ಅರ್ಧಕ್ಕೇ ತುಂಡಾಗಿದ್ದವು. ಎರಡು ವಾರ ಗಿರಿಜಕ್ಕ ದಿನಾ ಬಂದು ಮುಖ ನೋಡಿ ಹೆಸರು ಹೇಳಿದರು, ನಾನು ಟೈಪ್ ಮಾಡಿದೆ.

ಕೊನೆಗೆ ಅವರ ತಾಯಿಯ ಫೈಲು ಸಿಕ್ಕಿತು. ಹನ್ನೊಂದು ಸೆಕೆಂಡು. ಮುದುಕಿ ಸೆರಗು ಸರಿಮಾಡಿಕೊಂಡು, “ಈಗ ಮಾತಾಡಲೇನ?” ಎಂದು ಮಗಳನ್ನು ಕೇಳುತ್ತಾಳೆ. ಅಲ್ಲಿಗೆ ಮುಗಿಯಿತು.

ಗಿರಿಜಕ್ಕ ಅದನ್ನು ಮೂರು ಸಲ ನೋಡಿದರು. ನನಗೆ ತಡೆಯಲಾಗಲಿಲ್ಲ. “ಅಕ್ಕಾರ, ಇದು ಕರೆಂಟಿಂದಷ್ಟ ಅಲ್ರಿ. ನಕಲು ತಗೀಲಾರದ ಅವಸರ ಮಾಡಿದೆ. ತಪ್ಪು ನಂದ ಐತಿ.”

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಎರಡ ದಿನ ನಾ ಕಾಯತಿದ್ದೆ, ತಮ್ಮಾ. ಒಂದ ಮಾತು ಕೇಳಬೇಕಿತ್ತು.”

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ಯಾರ ಡಿಸ್ಕ್ ಬಂದರೂ ಮೊದಲು ನಕಲು, ಆಮೇಲೆ ಮೆಮೊರಿ ಸಾಕೇ ಎಂಬ ಪರೀಕ್ಷೆ, ದುರಸ್ತಿ ಕೊನೆಗೆ. “ಆಗತೈತೇನ್ರಿ?” ಎಂದು ಕೇಳಿದವರಿಗೆ, “ಇನ್ನೂ ಗೊತ್ತಿಲ್ರಿ, ಕಾಯ್ರಿ” ಎನ್ನುತ್ತೇನೆ. ಅಷ್ಟು ಹೇಳುವುದನ್ನು ಕಲಿಯಲು ಇನ್ನೊಬ್ಬರ ತಾಯಿಯ ದನಿ ಕಳೆಯಬೇಕಾಯಿತು.