ಕೂ ಹಾಕದೆ ನಡೆದ ದಾರಿ

2022ರ ದೀಪಾವಳಿ ಆಗಷ್ಟೇ ಕಳೆದಿತ್ತು. ಕುಂದಾಪುರದಲ್ಲಿ ನನ್ನದು ಪರವಾನಗಿ ಪಡೆದ ಕೋವಿ ಅಂಗಡಿ. ಬೆಳೆ ಕಾಯಲು ಕೋವಿ ಇಟ್ಟುಕೊಂಡ ಕೃಷಿಕರೇ ಗಿರಾಕಿಗಳು, ರಿವಾಲ್ವರ್ ಕೇಳುವವರು ಅಪರೂಪ. ಕೋಟೇಶ್ವರದ ಪ್ರಭಾಕರ ಶೆಟ್ಟರು ಅಂಥವರಲ್ಲೊಬ್ಬರು. ಮುಂಬೈಯ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದ ಮೇಲೆ ಅವರಿಗೆ ಬೈಂದೂರು ಕಡೆಯ ಗುಡ್ಡಗಳಲ್ಲಿ ಚಾರಣದ ಹುಚ್ಚು ಹಿಡಿದಿತ್ತು. ಬಳಿಯಲ್ಲಿ ಒಂದು .32 ರಿವಾಲ್ವರ್ ಇತ್ತು. ಈ ಸಂಖ್ಯೆ ನಳಿಗೆಯ ಅಳತೆ, ಇಂಚಿನ ಲೆಕ್ಕದಲ್ಲಿ. ಹಿಂದಿನ ವಾರ ಕಾಟಿ, ಅಂದರೆ ಕಾಡುಕೋಣ, ದಾರಿಗಡ್ಡ ನಿಂತಾಗ ಅದು ಕೈಯಲ್ಲಿದ್ದೂ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದ್ದರಂತೆ.

"ಇದ್ರಲ್ಲಿ ಹೊಡ್ದ್ರೆ ಅದ್ಕೆ ನುಸಿ ಕಚ್ದಂಗ್ ಆತ್, ಅಷ್ಟೆ. ದೊಡ್ದ್ ಕೊಡಿ ಮಾರಾಯ್ರೆ."

ಬೇರೊಬ್ಬರು ಮಾರಾಟಕ್ಕೆ ಒಪ್ಪಿಸಿದ್ದ ವಿದೇಶಿ .357 ಮ್ಯಾಗ್ನಮ್, ಇನ್ನೂ ಬಲವಾದ ಗುಂಡಿನ ರಿವಾಲ್ವರ್, ನನ್ನಲ್ಲಿತ್ತು. ಶೆಟ್ಟರು ಅದನ್ನು ಹಿಡಿದು ಕೆಳಗಿಡಲೇ ಇಲ್ಲ. ಗುಂಡು ಬಲವಾದಷ್ಟೂ ಕೈ ಮೇಲಕ್ಕೆ ಹಾರುತ್ತದೆ, ಅಭ್ಯಾಸವಿಲ್ಲದವರ ಎರಡನೇ ಗುಂಡು ಎಲ್ಲಿಗೋ ಹೋಗುತ್ತದೆ, ಗಾಯಗೊಂಡ ಕಾಟಿ ನಿಂತ ಕಾಟಿಗಿಂತ ಕೆಟ್ಟದು ಎಂದೆಲ್ಲ ವಿವರಿಸಿದೆ. ಅವರು ಶೋಕೇಸಿನ ಗಾಜಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಮಾರುವ ಮೊದಲು ಗಿರಾಕಿ ನಡೆಯುವ ದಾರಿಯನ್ನು ನೋಡುವುದು ನನ್ನ ಪದ್ಧತಿ. ಮರುದಿನ ಬೆಳಿಗ್ಗೆ ಇಬ್ಬರೇ ಗುಡ್ಡ ಹತ್ತಿದೆವು. ಹಳೆಯ .32 ಅವರ ಸೊಂಟದಲ್ಲಿತ್ತು.

ಆ ಗುಡ್ಡದಲ್ಲಿ ತಿರುವು ಬಂದಲ್ಲೆಲ್ಲ ನಿಂತು ಒಂದು ಕೂ ಹಾಕುವುದು ರೂಢಿ. ಆಚೆ ಮನುಷ್ಯರಿದ್ದರೆ ಮರುಕೂಗು ಬರುತ್ತದೆ, ಪ್ರಾಣಿಯಿದ್ದರೆ ಸರಿದು ಹೋಗುತ್ತದೆ. ಮೊದಲ ತಿರುವಿನಲ್ಲಿ ನಾನು ಬಾಯಿ ತೆರೆದಾಗ ಶೆಟ್ಟರು ತೋಳು ಹಿಡಿದರು.

"ಸೊಂಟದಲ್ಲ್ ಇದ್ ಇತ್ತಲ್ಲ, ಕೂ ಎಂತಕೆ? ಕಾಟಿ ಎಷ್ಟ್ ಹತ್ರ ಬತ್ತ್ ಅಂದೇಳಿ ನೀವೂ ಕಾಣಿ."

ಕೂ ಹಾಕದೆ ಮುಂದೆ ನಡೆದೆ. ನಮ್ಮ ಚಪ್ಪಲಿಯ ಸದ್ದು ಕೂಡ ನನಗೆ ಜೋರೆನಿಸತೊಡಗಿತು.

ಮುಂದಿನದನ್ನು ಯಾವ ಕ್ರಮದಲ್ಲಿ ಬರೆದರೂ ನನಗೇ ಪೂರ್ತಿ ನಂಬಿಕೆ ಬರುವುದಿಲ್ಲ. ಪೊದೆ ಅಲುಗಿತು. ಎಲೆಗಳ ಹಿಂದೆ ಎದೆಯೆತ್ತರಕ್ಕಿಂತ ಮೇಲೆ ದೊಡ್ಡದೊಂದು ಕಪ್ಪು ಆಕಾರ ಇತ್ತು, ನಮ್ಮನ್ನು ಕಂಡಂತೆ ಗಕ್ಕನೆ ನಿಂತಿತು. ಪಕ್ಕದಲ್ಲಿ ಟಿಕ್ ಎಂದಿತು. ಶೆಟ್ಟರು ರಿವಾಲ್ವರ್ ತೆಗೆದು, ಗುಂಡಿಗೆ ಹಿಂದಿನಿಂದ ಬಡಿಯುವ ಹ್ಯಾಮರನ್ನು ಹಿಂದಕ್ಕೆಳೆದಿದ್ದರು. ಹಾಗೆ ಎಳೆದ ಮೇಲೆ ಟ್ರಿಗರ್‌ಗೆ ಬೆರಳು ಸೋಕಿದರೂ ಸಾಕು. ಅವರ ಬೆರಳು ಅಲ್ಲೇ ಇತ್ತು. ಮಾತಾಡಿದರೆ ಬೆಚ್ಚುತ್ತಾರೆ, ಮುಟ್ಟಿದರೆ ಗುಂಡು ಹಾರುತ್ತದೆ. ನನ್ನ ಗಂಟಲಿನಿಂದ ಹೊರಟದ್ದು ಒಂದು ಒಡಕಲು ಕೂ.

ಪೊದೆಯೊಳಗಿಂದ ಮರುಕೂಗು ಬಂತು.

ದನದ ಹಟ್ಟಿಗೆ ಸೊಪ್ಪು ಹೊತ್ತ ಗಿರಿಜಕ್ಕ ಈಚೆ ಬಂದರು. ಕೆಳಗಿನ ಮನೆಯವರು, ಶೆಟ್ಟರಿಗೆ ಪರಿಚಿತರು. ತಲೆಹೊರೆ ಕಣ್ಣಿನವರೆಗೆ ಇಳಿಬಿದ್ದಿತ್ತು. ರಿವಾಲ್ವರನ್ನು ಅವರು ನೋಡಲಿಲ್ಲ, ಶೆಟ್ಟರ ಕೈ ಬೆನ್ನ ಹಿಂದೆ ಹೋಗಿತ್ತು.

"ಹ್ವಾಯ್ ಶೆಟ್ರೆ, ಗಂಟ್ಲ್ ಕಟ್ಟಿತ್ತಾ? ಒಂದ್ ಕೂ ಹಾಕೂಕ್ ಆತಿಲ್ಯಾ? ಕಾಟಿ ಬಂತ್ ಅಂದೇಳಿ ನಾನ್ ಹೆದ್ರಿ ನಿಂತದ್ದ್."

ಬೈದುಕೊಂಡೇ ಇಳಿದು ಹೋದರು. ಹ್ಯಾಮರ್ ಇನ್ನೂ ಎಳೆದೇ ಇತ್ತು. ಶೆಟ್ಟರ ಬೆರಳುಗಳು ಬಿಡಿಸಲಾಗದಷ್ಟು ಬಿಗಿದಿದ್ದವು. ನಳಿಗೆಯನ್ನು ನೆಲಕ್ಕೆ ತಿರುಗಿಸಿ, ನನ್ನ ಹೆಬ್ಬೆರಳಿನಲ್ಲಿ ಹ್ಯಾಮರ್ ತಡೆಹಿಡಿದು ಮೆಲ್ಲಗೆ ಇಳಿಸಿದೆ. ಆ ಕೆಲಸವನ್ನು ಅಂಗಡಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಅಂದು ಬೆವರಿಗೆ ಬೆರಳು ಜಾರುತ್ತಿತ್ತು.

.357ರ ಮಾತು ಮತ್ತೆ ಬರಲಿಲ್ಲ. ಕೂ ಹಾಕಿದ್ದು ತಾನೇ ಎಂದು ಶೆಟ್ಟರು ಈಗ ಹೇಳುತ್ತಾರೆ, ರಿವಾಲ್ವರ್ ಹೊರಗೆ ತೆಗೆದೇ ಇರಲಿಲ್ಲವಂತೆ. ಇರಬಹುದು ಎನ್ನುತ್ತೇನೆ. ನನ್ನ ನೆನಪೂ ಅಷ್ಟೇನೂ ಗಟ್ಟಿಯಲ್ಲ: ಕೆಲವು ಸಲ ಅದರಲ್ಲಿ ಕೂ ಇರುವುದೇ ಇಲ್ಲ, ಗುಂಡಿನ ಸದ್ದು ಮಾತ್ರ ಇರುತ್ತದೆ.

ಅದಕ್ಕೇ ಈಗ ಯಾರು ರಿವಾಲ್ವರ್ ಕೇಳಿ ಬಂದರೂ, ಯಾವ ಪ್ರಾಣಿಯ ಭಯ ಎಂದು ಮೊದಲು ವಿಚಾರಿಸುವುದಿಲ್ಲ. ನೀವು ಹೋಗುವ ದಾರಿಯಲ್ಲಿ ಇನ್ನು ಯಾರು ಯಾರು ನಡೆಯುತ್ತಾರೆ ಎಂದು ಕೇಳುತ್ತೇನೆ. ಹೆಸರು ಹೇಳಲು ತಿಳಿಯದವರಿಗೆ ಶೋಕೇಸಿನ ಬೀಗ ತೆಗೆಯುವುದಿಲ್ಲ.